ಅಲ್ಲಾಡದ ಅಂಕಿ

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಆಗ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಟೈಪಿಂಗು, ಆಫೀಸಿನ ಕೆಲಸಕ್ಕೆ ಬೇಕಾದಷ್ಟು ಕಂಪ್ಯೂಟರು, ಪರೀಕ್ಷೆಗೆ ಬೇಕಾದಷ್ಟು ಪ್ರೋಗ್ರಾಮಿಂಗು, ಇಷ್ಟೇ ಕಲಿಸುತ್ತಿದ್ದದ್ದು. ಮೊಬೈಲಿಗೆ ಪ್ರೋಗ್ರಾಂ ಬರೆಯುವುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗುಂಡಿ ಒತ್ತುವ ಫೋನುಗಳಿಗೆ ಹೊಸದಾಗಿ ಬ್ಲೂಟೂತ್ ಬಂದ ಕಾಲ ಅದು. ಎಲ್ಲರೂ ಅದರಲ್ಲಿ ಹಾಡು, ಫೋಟೋ ದಾಟಿಸಿಕೊಳ್ಳುತ್ತಿದ್ದರು. ಕ್ಲಾಸಿಲ್ಲದ ಮಧ್ಯಾಹ್ನಗಳಲ್ಲಿ ಕೂತು ನಾನು ಎರಡು ಫೋನುಗಳ ನಡುವೆ ಆಡುವ ಚೌಕಾಬಾರ ಬರೆದಿದ್ದೆ. ಒಂದು ಫೋನಿನಲ್ಲಿ ಕವಡೆ ಹಾಕಿದರೆ ಇನ್ನೊಂದರಲ್ಲಿ ಕಾಯಿ ನಡೆಯುತ್ತಿತ್ತು. ಕೆಲವು ಸಲ ಕಾಯಿ ನಡೆಯದೆ ನಿಂತುಬಿಡುತ್ತಿತ್ತು. ಆಗ ಎರಡೂ ಫೋನನ್ನು ಆರಿಸಿ, ಹಳೆಯ ಜೋಡಣೆಯನ್ನು ಅಳಿಸಿ, ಮತ್ತೆ ಹೊಸದಾಗಿ ಜೋಡಿಸಬೇಕಿತ್ತು. ಯಾಕೆ ನಿಂತಿತು ಎಂದು ಹುಡುಕುತ್ತಾ ಹೋದರೆ ಊಟ ಮರೆತುಹೋಗುತ್ತಿತ್ತು.

ಕುದುರೆಮುಖದಲ್ಲಿ ಗಣಿ ನಿಂತ ಮರುವರ್ಷ, ಬೇಸಿಗೆಯಲ್ಲಿ ಒಂದು ದಿನ, ಅಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಒಬ್ಬರು ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಕಳಸದ ಕಡೆಯವರು. ಕೆಲಸ ಹೋಗಿತ್ತು, ಟೌನ್‌ಶಿಪ್ಪಿನ ಮನೆ ಇನ್ನೂ ಬಿಟ್ಟಿರಲಿಲ್ಲ. ನಮ್ಮ ವಿದ್ಯಾರ್ಥಿನಿಯರಿಬ್ಬರು ಚೌಕಾಬಾರ ಆಡುವುದನ್ನು ಅವರು ಬಹಳ ಹೊತ್ತು ನೋಡಿದರು.

"ಇದು ಎಷ್ಟು ದೂರ ಹೋಗ್ತದೆ?" ಎಂದು ಕೇಳಿದರು.

"ಈ ಕೋಣೆ ದಾಟಿ ಮೆಟ್ಟಿಲ ತನಕ ಹೋಗುತ್ತೆ ಸರ್."

"ಮಳೇಲಿ?"

"ಮಳೇಲಿ ನಿಂತು ಯಾರು ಸರ್ ಚೌಕಾಬಾರ ಆಡ್ತಾರೆ?"

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಬಂದ ಕಾರಣ ಹೇಳಿದರು. ಬಾಳೂರಿನ ಕಡೆ ಒಂದು ಎಸ್ಟೇಟು. ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೆ, ಕೂಲಿಯವರ ಲೈನುಮನೆಗಳ ಮೇಲಿನ ಗುಡ್ಡದಲ್ಲಿ ಅಡ್ಡಕ್ಕೆ ಒಂದು ಬಿರುಕು ಕಾಣಿಸಿತ್ತು. ನೋಡಲು ಬಂದ ಭೂವಿಜ್ಞಾನದ ಮೇಷ್ಟ್ರೊಬ್ಬರು, ಮುಂದಿನ ಮಳೆಗಾಲವಿಡೀ ಅದನ್ನು ದಿನವೂ ಅಳೆಯಿರಿ, ಆಮೇಲೆ ಹೇಳುತ್ತೇನೆ ಎಂದು ಹೋಗಿದ್ದರು. ಬಿರುಕಿನ ಆಚೆ ಈಚೆ ಗೂಟ ಹೊಡೆದು, ನಡುವೆ ತಂತಿ ಎಳೆದು, ತಂತಿ ಎಷ್ಟು ಮಿಲಿಮೀಟರ್ ಸರಿಯಿತೆಂದು ಅಳೆದಿಡುವ ಪೆಟ್ಟಿಗೆಯನ್ನು ತಾವು ಮಾಡಬಲ್ಲೆ ಎಂದರು ಎಂಜಿನಿಯರ್. ಆದರೆ ಮಳೆಯಲ್ಲಿ ದಿನವೂ ಆ ಜಾರುವ ಗುಡ್ಡ ಹತ್ತಿ ಪೆಟ್ಟಿಗೆ ತೆರೆದು ನೋಡುವವರು ಯಾರು? ಕೆಳಗಿನ ಕಾಲುದಾರಿಯಲ್ಲಿ ನಿಂತರೆ ಸಾಕು, ಪೆಟ್ಟಿಗೆಯಲ್ಲಿದ್ದ ಅಳತೆ ತಾನಾಗಿ ಫೋನಿಗೆ ಬರಬೇಕು. ಫೋನಿನ ಪ್ರೋಗ್ರಾಂ ನಾನು ಬರೆಯಬೇಕು. ಎಸ್ಟೇಟಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಬ್ಲೂಟೂತಿಗೆ ಅದು ಬೇಕಾಗಿಯೂ ಇಲ್ಲ.

"ನೀವು ಒಮ್ಮೆ ಜಾಗ ನೋಡಿ ಮಾರಾಯ್ರೆ. ನೋಡಿದ ಮೇಲೆ ಬೇಡ ಅಂದ್ರೂ ಬೇಜಾರಿಲ್ಲ" ಎಂದರು.

ನೋಡಲು ಹೋದೆ. ಎಸ್ಟೇಟಿನ ಒಡತಿ ಅರವತ್ತು ದಾಟಿದ ವಿಧವೆ. ತಾವೇ ಜೀಪ್ ಓಡಿಸಿಕೊಂಡು ಬಂದು ನಮ್ಮನ್ನು ರಸ್ತೆಯಿಂದ ಕರೆದುಕೊಂಡು ಹೋದರು. ಎಲ್ಲರಿಗೂ ಅವರು ಅಮ್ಮ. ಅವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ರು, ಎಂಜಿನಿಯರ್, ನಾನು, ನಾಲ್ಕೂ ಜನ ಕಾಫಿ ಗಿಡಗಳ ಮಧ್ಯೆ ಹತ್ತಿದೆವು. ಹೂವಿನ ಮಳೆ ಆಗಿ, ಕಾಫಿ ಹೂ ಅರಳಿ ಗಿಡವೆಲ್ಲ ಬೆಳ್ಳಗಿತ್ತು. ಆ ಬಿಳಿಯ ನಡುವೆ ನೆಲದಲ್ಲಿ ಒಂದು ಕಪ್ಪು ಗೆರೆ. ನೆರಳಿಗೆ ನೆಟ್ಟ ಸಿಲ್ವರ್ ಮರದ ಒಣ ಎಲೆ ತುಂಬಿಕೊಂಡು, ನೋಡಿದರೆ ಬರೀ ಚರಂಡಿಯ ಹಾಗೆ ಕಾಣುತ್ತಿತ್ತು. ಎಂಜಿನಿಯರ್ ಒಂದು ಉದ್ದ ಕೋಲು ಮುರಿದುಕೊಂಡು ಎಲೆಯ ಮೇಲೆ ಊರಿದರು. ಕೋಲು ಇಳಿಯಿತು, ಇನ್ನೂ ಇಳಿಯಿತು. ಅವರ ಮುಷ್ಟಿ ನೆಲ ಮುಟ್ಟಿತು, ಕೋಲಿಗೆ ತಳ ಸಿಕ್ಕಲಿಲ್ಲ. ಬಿಟ್ಟುಬಿಟ್ಟರು. ಕೋಲು ಒಳಗೆ ಹೋಯಿತು. ಬಿದ್ದ ಸದ್ದು ಕೇಳಲಿಲ್ಲ.

ಕೆಳಗೆ, ಬಿರುಕಿಗೆ ಸರಿಯಾಗಿ ನೇರದಲ್ಲಿ, ಲೈನುಮನೆಗಳ ಹೆಂಚು ಕಾಣುತ್ತಿತ್ತು. ಯಾರೋ ಹೆಂಗಸು ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಳು. ನಮ್ಮ ಹಿಂದೆಯೇ ಹತ್ತಿ ಬಂದಿದ್ದ ಮುದುಕ ಮೇಸ್ತ್ರಿಗಳು ಮಾತ್ರ ಬಿರುಕನ್ನು ಒಪ್ಪಲಿಲ್ಲ. ಆ ಲೈನು ಕಟ್ಟುವಾಗ ಕಲ್ಲು ಹೊತ್ತವರು ಅವರು, ಕೆಲಸದಿಂದ ನಿವೃತ್ತರಾದ ಮೇಲೂ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು.

"ಬಿರುಕಲ್ಲ ಕಣಮ್ಮ ಇದು. ಮುಳ್ಳುಹಂದಿ ಕೆರೆದಿರದು" ಎಂದರು.

"ಇಷ್ಟುದ್ದಕ್ಕೆ ಕೆರೆಯಕ್ಕೆ ಅದಕ್ಕೆಂತ ಹುಚ್ಚ?" ಎಂದರು ಅಮ್ಮ.

ಮೇಸ್ತ್ರಿಗಳು ಇಳಿದು ಹೋದರು. ನಾನು ಆ ಕೆಲಸ ಬೇಡ ಎನ್ನಲಿಲ್ಲ.

ಪೆಟ್ಟಿಗೆ ತಯಾರಾದದ್ದು ಕುದುರೆಮುಖದ ಅವರ ಕ್ವಾರ್ಟರ್ಸಿನಲ್ಲಿ. ಪರೀಕ್ಷೆ ಮಾಡಲು ನಾನು ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಅಚ್ಚುಕಟ್ಟಾದ ಬೀದಿಗಳು, ಒಂದೇ ಥರದ ಮನೆಗಳು, ಒಂದರಲ್ಲೂ ಜನವಿಲ್ಲ. ತೋಟದಲ್ಲಿ ಗುಲಾಬಿ ಇನ್ನೂ ಬಿಡುತ್ತಿತ್ತು. ಪೆಟ್ಟಿಗೆಯನ್ನು ಅವರ ಜಗಲಿಯಲ್ಲಿ ಇಟ್ಟು ನಾನು ಫೋನ್ ಹಿಡಿದು ಬೀದಿಯಲ್ಲಿ ದೂರ ದೂರ ನಡೆಯುತ್ತಿದ್ದೆ. ಎಲ್ಲಿ ಸಂಪರ್ಕ ಕಡಿಯುತ್ತದೆ ಎಂದು ನೋಡುವುದು ಕೆಲಸ. ಒಂದು ಮಧ್ಯಾಹ್ನ, ಫೋನು ಸುತ್ತಲಿನ ಸಾಧನಗಳನ್ನು ಹುಡುಕುವಾಗ, ನಮ್ಮ ಪೆಟ್ಟಿಗೆಯ ಜೊತೆಗೆ ಇನ್ನೊಂದನ್ನು ತೋರಿಸಿತು. ಅದಕ್ಕೆ ಹೆಸರಿರಲಿಲ್ಲ. ಸುತ್ತ ನೋಡಿದೆ. ಬಾಗಿಲು ಮುಚ್ಚಿದ ಮನೆಗಳು. ಮತ್ತೆ ಹುಡುಕಿದೆ, ಮತ್ತೆ ಬಂತು. ನನ್ನ ಹತ್ತಿರವೇ ಯಾರೋ ಇದ್ದಾರೆ, ಅವರು ನನಗೆ ಕಾಣುತ್ತಿಲ್ಲ. ಎದುರು ಮನೆಯ ಕಾರ್ ಶೆಡ್ಡಿನ ನೆರಳಿನಲ್ಲಿ ಕಾವಲುಗಾರನೊಬ್ಬ ಫೋನ್ ಜೇಬಿನಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಾನೆಂದು ತಿಳಿಯುವ ಹೊತ್ತಿಗೆ ನಾನು ಅರ್ಧ ಬೀದಿಯ ಕಿಟಕಿಗಳನ್ನು ಇಣುಕಿ ನೋಡಿಯಾಗಿತ್ತು.

ಅಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಪೆಟ್ಟಿಗೆ ಗಂಟೆಗೊಮ್ಮೆ ಅಳೆದು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಫೋನು ಹತ್ತಿರ ಬಂದ ಕೂಡಲೆ, ಇಟ್ಟುಕೊಂಡದ್ದನ್ನೆಲ್ಲ ಹಳೆಯದರಿಂದ ಶುರುಮಾಡಿ ಸಾಲಾಗಿ ಕಳಿಸುತ್ತಿತ್ತು. ಎಲ್ಲ ತಲುಪಿತು ಎಂದು ಫೋನು ಉತ್ತರ ಕೊಟ್ಟ ಮೇಲಷ್ಟೇ ತನ್ನಲ್ಲಿದ್ದದ್ದನ್ನು ಅಳಿಸುತ್ತಿತ್ತು. ಒಂದು ಅಳತೆಯೂ ಕಳೆದುಹೋಗಬಾರದೆಂದು ನಾವಿಬ್ಬರೂ ಕೂತು ಯೋಚಿಸಿ ಮಾಡಿದ ಏರ್ಪಾಡು ಅದು. ಮೊದಲು ಬಂದ ಅಳತೆಯನ್ನು ಫೋನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತಿತ್ತು. ಮಳೆಗೆ ಮೊದಲೇ ಪೆಟ್ಟಿಗೆಯನ್ನು ಬಿರುಕಿನ ಪಕ್ಕ ಹೂತು, ರೈಟರ್ರ ಫೋನಿಗೇ ಪ್ರೋಗ್ರಾಂ ಹಾಕಿಕೊಟ್ಟೆವು. ದಿನವೂ ಬೆಳಗ್ಗೆ ಕಾಲುದಾರಿಯಲ್ಲಿ ನಿಂತು ಅಂಕಿ ನೋಡಿ ಅಮ್ಮನಿಗೆ ಹೇಳುವುದು ಅವರ ಕೆಲಸವಾಯಿತು.

ಆರಿದ್ರಾ ಮಳೆ ಹಿಡಿಯಿತು. ಮೊದಲ ವಾರದಲ್ಲೇ ಎಸ್ಟೇಟಿನಿಂದ ಫೋನು. ಲ್ಯಾಂಡ್‌ಲೈನಿನಲ್ಲಿ ರೈಟರ್ರು ಕೂಗಿ ಹೇಳಿದರು.

"ಮೇಡಂ, ಬಿರುಕು ಒಂದೇ ದಿನಕ್ಕೆ ಹತ್ತರಷ್ಟು ಆಗಿದೆ. ಅಮ್ಮ ಲೈನಿನೋರನ್ನೆಲ್ಲ ಗೋಡೌನಿಗೆ ಕಳಿಸ್ತಾ ಇದಾರೆ. ನಾವೇನು ಮಾಡದು?"

ಆ ಸಂಜೆ ಮಕ್ಕಳು, ಮುದುಕರು, ಕೋಳಿ, ಹಾಸಿಗೆ ಎಲ್ಲ ಮಳೆಯಲ್ಲಿ ನೆನೆಯುತ್ತಾ ಕಾಫಿ ಗೋಡೌನಿಗೆ ಹೋದವು. ಬೆಳಗ್ಗೆ ರೈಟರ್ರು ಹೋಗಿ ನೋಡಿದರೆ ಅಂಕಿ ಮತ್ತೆ ಮೊದಲಿನಷ್ಟೇ. ಮಧ್ಯಾಹ್ನ ನೋಡಿದರೆ ಬಿರುಕು ಇದ್ದದ್ದಕ್ಕಿಂತ ಸಣ್ಣದಾಗಿತ್ತು. ಜನ ಹಾಸಿಗೆ ಸುತ್ತಿಕೊಂಡು ವಾಪಸು ಬಂದರು. "ಗುಡ್ಡ ಉಸಿರಾಡ್ತದಂತೆ ಕಣ್ರೋ, ಮೇಡಂ ಫೋನಲ್ಲಿ ಕಾಣ್ತದಂತೆ" ಎಂದು ಮೇಸ್ತ್ರಿಗಳು ಹೇಳಿದ್ದಕ್ಕೆ ಇಡೀ ಲೈನು ನಕ್ಕಿತಂತೆ.

ತಪ್ಪು ಎಲ್ಲಿದೆಯೆಂದು ಹುಡುಕಲು ನಾನೂ ಎಂಜಿನಿಯರೂ ಕಾಲುದಾರಿಯಲ್ಲಿ ಒಂದು ಇಡೀ ಹಗಲು ನಿಂತೆವು. ಫೋನನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ತಲೆಗೆ ಕಂಬಳಿ ಕೊಪ್ಪೆ ಹೊದ್ದು, ಕಾಲಿಗೆ ಹತ್ತಿದ, ರಕ್ತ ಹೀರುವ ಇಂಬಳಗಳನ್ನು ಕೀಳುತ್ತಾ. ಬಂದದ್ದನ್ನು ಬಂದ ಹಾಗೆಯೇ ತೋರಿಸುವಂತೆ ಪ್ರೋಗ್ರಾಂ ಬದಲಿಸಿಕೊಂಡು ಹೋಗಿದ್ದೆ. ನೋಡುತ್ತಾ ನೋಡುತ್ತಾ ಗೊತ್ತಾಯಿತು. ಪೆಟ್ಟಿಗೆ ನಾನೂರ ಹನ್ನೆರಡು ಎಂದು ಕಳಿಸಿದರೆ ಒಮ್ಮೊಮ್ಮೆ ಅದು ಎರಡು ತುಂಡಾಗಿ ಬರುತ್ತಿತ್ತು, ಮೊದಲು ನಾಲ್ಕು, ಆಮೇಲೆ ಹನ್ನೆರಡು. ಇನ್ನೊಮ್ಮೆ ಮುಂದಿನ ಅಳತೆಯ ತಲೆ ಹಿಂದಿನದರ ಬಾಲಕ್ಕೆ ಅಂಟಿ ನಾಲ್ಕು ಸಾವಿರವಾಗುತ್ತಿತ್ತು. ಟೌನ್‌ಶಿಪ್ಪಿನ ಒಣ ಬೀದಿಯಲ್ಲಿ ಇಡಿಯಾಗಿ ಬರುತ್ತಿದ್ದದ್ದು ಇಲ್ಲಿ ಒದ್ದೆ ಎಲೆಗಳ ಮಧ್ಯೆ ಹರಿದು ಬರುತ್ತಿತ್ತು. ಪ್ರತಿ ಅಳತೆಯ ಕೊನೆಗೆ ಒಂದು ಗುರುತು ಬರುವ ತನಕ ಕಾದು, ತುಂಡುಗಳನ್ನು ಜೋಡಿಸಿಕೊಂಡು, ಆಮೇಲೆ ಓದುವ ಹಾಗೆ ತಿದ್ದಿದೆ. ಅಂಕಿ ಕುಣಿಯುವುದು ನಿಂತಿತು.

ಹೊರಡುವಾಗ ಅಮ್ಮ ಕಾಫಿ ಕೊಟ್ಟು, "ಈಗ ನಂಬಬಹುದೇನಮ್ಮ?" ಎಂದು ಕೇಳಿದರು.

"ನಂಬಬಹುದು ಅಮ್ಮ" ಎಂದೆ.

ಪುನರ್ವಸು ಬಂತು. ಮಳೆ ಬಿಡದೆ ಹೊಡೆಯಿತು. ಮೂಡಿಗೆರೆಯಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಎರಡು ದಿನಕ್ಕೊಮ್ಮೆ ಎಸ್ಟೇಟಿಗೆ ಫೋನ್ ಮಾಡುತ್ತಿದ್ದೆ. ರೈಟರ್ರು ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು.

"ಏನೂ ಇಲ್ಲ ಮೇಡಂ. ನಾನೂರ ಮೂವತ್ತೊಂದು. ಒಂದು ಚೂರೂ ಅಲ್ಲಾಡಿಲ್ಲ."

ಆ ಅಂಕಿ ಕೇಳಿ ನನಗೆ ಸಮಾಧಾನವಾಗುತ್ತಿತ್ತು. ಬಾಳೂರಿನ ಕಡೆ ಪಕ್ಕದ ಮಣ್ಣಿನ ಧರೆ ರಸ್ತೆಗೆ ಕುಸಿದು ಬಿದ್ದಿದೆ, ಬಸ್ಸು ನಿಂತಿದೆ ಎಂದು ಸುದ್ದಿ ಬಂದ ದಿನವೂ ಅದೇ ನಾನೂರ ಮೂವತ್ತೊಂದು. ಮಾರನೆಯ ದಿನವೂ ಅದೇ. ಎಂಜಿನಿಯರ್ ಯಾವುದೋ ಕೆಲಸಕ್ಕೆ ಮೂಡಿಗೆರೆಗೆ ಬಂದವರು ಕ್ಲಾಸಿಗೆ ಬಂದು ಕೂತರು. ಒಳ್ಳೆಯ ಸುದ್ದಿ ಎಂದು ಹೇಳಿದೆ. ಅವರು ಟೀ ಲೋಟವನ್ನು ಬೆಂಚಿನ ಮೇಲೆ ಇಟ್ಟುಬಿಟ್ಟರು.

"ಅದೇ ಅಂಕಿಯಾ? ಕೊನೇದೂ ಬದಲಾಗ್ಲಿಲ್ವಾ?"

"ಇಲ್ಲ ಸರ್. ಒಂದು ವಾರದಿಂದ ಅದೇ."

"ತಂತಿ ಅಂದ್ರೆ ಬಿಸಿಲಿಗೆ ಹಿಗ್ತದೆ, ಚಳಿಗೆ ಕುಗ್ತದೆ. ಗುಡ್ಡ ಸುಮ್ನಿದ್ರೂ ತಂತಿ ಸುಮ್ನಿರಾದಿಲ್ಲ. ಕೊನೇ ಅಂಕಿ ಒಂದೆರಡು ಆಚೆ ಈಚೆ ಆಗ್ಲೇಬೇಕು." ಎದ್ದು ನಿಂತರು. "ಅಲ್ಲಾಡ್ದೇ ಇರೋದು ಗುಡ್ಡ ಅಲ್ಲ ಮಾರಾಯ್ರೆ. ಎಂತದೋ ಸಿಕ್ಕಿಕೊಂಡಿದೆ."

 ಕಾಯಿ ನಡೆಯದೆ ನಿಂತ ಚೌಕಾಬಾರವನ್ನು ನಾನು ಎಷ್ಟು ಸಲ ನೋಡಿದ್ದೆ! ಕಂಪ್ಯೂಟರ್ ತೆರೆದು ಪ್ರೋಗ್ರಾಮನ್ನು ಮೊದಲಿನಿಂದ ಓದಿದೆ. ಓದುತ್ತಾ ಕಣ್ಣಿಗೆ ಬಿತ್ತು. ಪೆಟ್ಟಿಗೆ ಹಳೆಯದರಿಂದ ಶುರುಮಾಡುತ್ತದೆ. ಫೋನು ಮೊದಲು ಬಂದದ್ದನ್ನು ದೊಡ್ಡದಾಗಿ ತೋರಿಸುತ್ತದೆ. ಒಣ ದಿನಗಳಲ್ಲಿ ಎಲ್ಲ ಅಳತೆಯೂ ಬಂದು ಮುಗಿದು ಪೆಟ್ಟಿಗೆ ಖಾಲಿಯಾಗುತ್ತಿತ್ತು, ಹಾಗಾಗಿ ಮೊದಲನೆಯದೂ ಹಿಂದಿನ ದಿನಕ್ಕಿಂತ ಹಳೆಯದಾಗಿರುತ್ತಿರಲಿಲ್ಲ. ಈ ಜಡಿಮಳೆಯಲ್ಲಿ ಒಂದೆರಡು ಬರುವಷ್ಟರಲ್ಲಿ ಸಂಪರ್ಕ ಕಡಿದುಹೋದರೆ ಎಲ್ಲ ತಲುಪಿತು ಎಂಬ ಉತ್ತರ ಹೋಗುವುದಿಲ್ಲ, ಪೆಟ್ಟಿಗೆ ಏನನ್ನೂ ಅಳಿಸುವುದಿಲ್ಲ. ಮರುದಿನ ಮತ್ತೆ ಅದೇ ಹಳೆಯದರಿಂದ ಶುರು. ರೈಟರ್ರು ಒಂದು ವಾರದಿಂದ ದಿನವೂ ಕಳೆದ ವಾರದ ಬೆಳಗ್ಗೆಯನ್ನೇ ನೋಡಿ ಬರುತ್ತಿದ್ದರು. ಆಮೇಲಿನದೆಲ್ಲ ಗುಡ್ಡದ ಮೇಲೆ ಪೆಟ್ಟಿಗೆಯೊಳಗೇ ಕೂತಿತ್ತು.

ಎಸ್ಟೇಟಿಗೆ ಫೋನ್ ಮಾಡಿದೆ. ಲೈನು ಸತ್ತಿತ್ತು.

ಬಾಡಿಗೆ ಜೀಪಿನಲ್ಲಿ ಇಬ್ಬರೂ ಹೊರಟೆವು. ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ರಸ್ತೆಗೆ ಇಳಿದಿತ್ತು. ಧರೆ ಬಿದ್ದ ಕಡೆ ಮಣ್ಣನ್ನು ಅರ್ಧ ಸರಿಸಿದ್ದರು, ಜೀಪು ಒಂದು ಪಕ್ಕಕ್ಕೆ ವಾಲಿಕೊಂಡು ದಾಟಿತು. ಡ್ರೈವರು ಆಚೆ ಹೋದ ಮೇಲೆ, "ವಾಪಸು ಬರುವಾಗ ಈ ದಾರಿ ಇರಾದು ಡೌಟು" ಎಂದ.

ಎಸ್ಟೇಟಿಗೆ ಮುಟ್ಟಿದಾಗ ಮಧ್ಯಾಹ್ನ. ಕಾಲುದಾರಿಯಿಂದ ಆಗದು, ಪೆಟ್ಟಿಗೆಯ ಹತ್ತಿರವೇ ಹೋಗಿ, ಎಲ್ಲ ಬಂದು ಮುಗಿಯುವ ತನಕ ಅಲ್ಲೇ ನಿಲ್ಲಬೇಕಿತ್ತು. ನಾವು ಹತ್ತಿದೆವು. ಬೇಸಿಗೆಯಲ್ಲಿ ನಡೆದ ನೆಲವೇ ಇದು ಎಂದು ಅನ್ನಿಸಲಿಲ್ಲ. ಕಾಲಿಟ್ಟಲ್ಲಿ ನೀರು ಉಕ್ಕುತ್ತಿತ್ತು. ಸಿಲ್ವರ್ ಮರಗಳೆಲ್ಲ ಕೆಳಗಿನ ಲೈನಿನ ಕಡೆಗೆ ಬಗ್ಗಿ ನಿಂತಿದ್ದವು, ಯಾರನ್ನೋ ಇಣುಕಿ ನೋಡುವ ಹಾಗೆ. ಬಿರುಕಿನೊಳಗಿಂದ ನೀರು ಹರಿಯುವ ಸದ್ದು ಬರುತ್ತಿತ್ತು, ನೀರು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ.

ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಮೈ ಅಡ್ಡ ಬಂದರೂ ಸಂಪರ್ಕ ಕಡಿಯುವಷ್ಟು ಬಡಪಾಯಿ ರೇಡಿಯೋ ಅದು. ಜೋಡಣೆಯಾಯಿತು. ಮೊದಲು ಬಂದದ್ದು ನಾನೂರ ಮೂವತ್ತೊಂದು.

"ಬರ್ತಾ ಉಂಟಾ?" ಎಂದರು ಎಂಜಿನಿಯರ್.

"ಬರ್ತಿದೆ."

ನಾನೂರ ಮೂವತ್ತೆರಡು. ಮೂವತ್ತೆರಡು. ಮೂವತ್ತು. ಅವರು ಹೇಳಿದ ಹಾಗೆಯೇ ತಂತಿ ಸ್ವಲ್ಪ ಸ್ವಲ್ಪ ಆಚೆ ಈಚೆ ಆಗುತ್ತಿತ್ತು. ಆಮೇಲೆ ನಲವತ್ತು. ನಲವತ್ತೈದು. ನಾನು ಗಟ್ಟಿಯಾಗಿ ಓದುತ್ತಾ ಹೋದೆ. ಐನೂರು ದಾಟಿತು. ಗಂಟೆಗೊಂದರ ಲೆಕ್ಕದಲ್ಲಿ ಅದು ಇನ್ನೂ ಮೂರು ನಾಲ್ಕು ದಿನ ಹಿಂದಿನದು. ಆರುನೂರಕ್ಕೆ ಬಂತು. ಅಂಕಿಗಳ ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ಯಾವುದಾದರೂ ಒಂದು ಒಡೆದು ಬರಲಿ, ಒಂದರ ಬಾಲ ಇನ್ನೊಂದಕ್ಕೆ ಅಂಟಿರಲಿ, ಇದು ನನ್ನ ಪ್ರೋಗ್ರಾಮಿನ ತಪ್ಪೇ ಆಗಿರಲಿ ಎಂದು ನಾನು ಆಸೆಪಡುತ್ತಿದ್ದೆ. ಪ್ರತಿಯೊಂದೂ ಇಡಿಯಾಗಿ, ಕೊನೆಯ ಗುರುತಿನ ಸಮೇತ, ಸರಿಯಾದ ಸಾಲಿನಲ್ಲಿ ಬಂತು. ಎಂಟುನೂರ ಅರವತ್ತಕ್ಕೆ ನಿಂತಿತು. ಅದು ಆ ಗಂಟೆಯದು, ನಾವು ನಿಂತ ಗಂಟೆಯದು.

ಎಂಜಿನಿಯರ್ ಬಿರುಕಿನ ಅಂಚಿಗೆ ಬಗ್ಗಿ ನೋಡಿದರು. ಗೂಟಗಳ ನಡುವೆ ಗೇಣುಗಟ್ಟಲೆ ಹೊಸ ಕೆಂಪು ಮಣ್ಣು ಕಾಣುತ್ತಿತ್ತು. ಅಳತೆಯ ಅಗತ್ಯವೇ ಇರಲಿಲ್ಲ, ಯಾರಾದರೂ ಹತ್ತಿ ನೋಡಿದ್ದರೆ ಸಾಕಿತ್ತು. ಅಂಕಿ ಸುಮ್ಮನಿದೆ ಎಂದು ಯಾರೂ ಹತ್ತಿರಲಿಲ್ಲ.

"ಇಳೀರಿ. ಓಡಬೇಡಿ. ಮೆಲ್ಲಗೆ ಕಾಲಿಡಿ" ಎಂದರು.

ಅಮ್ಮ ಜಗಲಿಯಲ್ಲಿ ನಮ್ಮ ಮಾತು ಪೂರ್ತಿ ಕೇಳಿದರು. ರೈಟರ್ರ ಮುಖ ಬಿಳುಚಿತ್ತು.

"ಮೊನ್ನೆ ಒಂದು ಸಲ ಎಬ್ಬಿಸಿ ಕಳಿಸಿ ನಗೆಪಾಟಲಾಯ್ತಲ್ಲ ಅಮ್ಮ. ಈ ಸಲ ಜನ ಬರಾದಿಲ್ಲ" ಎಂದರು ಅವರು.

ಅಮ್ಮ ನನ್ನ ಕಡೆ ತಿರುಗಿದರು. "ಆವತ್ತೂ ನಿನ್ನ ಫೋನೇ ಹೇಳಿದ್ದು. ನಂಬಬಹುದು ಅಂತ ನೀನೇ ಅಂದಿದ್ದು. ಈಗ ಎಂತ ಹೇಳ್ತೀಯ ಮಾರಾಯ್ತಿ?"

"ಫೋನ್ ಬಿಡಿ ಅಮ್ಮ. ನಾನು ಕಣ್ಣಾರೆ ನೋಡಿ ಬಂದೆ" ಎಂದೆ.

ಅವರು ಕೊಡೆ ತೆಗೆದುಕೊಂಡು ತಾವೇ ಲೈನಿಗೆ ನಡೆದರು. ಒಂದೊಂದು ಬಾಗಿಲಲ್ಲೂ ನಿಂತು, ಒಳಗಿನವರು ಹೊರಗೆ ಬರುವ ತನಕ ಮುಂದೆ ಹೋಗಲಿಲ್ಲ. ಕೆಲವರು ಗೊಣಗಿದರು. ಒಬ್ಬ ಬಾಣಂತಿ ಅತ್ತಳು. ಸಂಜೆಯೊಳಗೆ ಲೈನು ಖಾಲಿಯಾಯಿತು. ಮೇಸ್ತ್ರಿಗಳು ಎಲ್ಲರಿಗಿಂತ ಕೊನೆಗೆ, ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು, ನಮ್ಮ ಕಡೆ ನೋಡದೆ ನಡೆದು ಹೋದರು.

ಗುಡ್ಡ ಆ ದಿನ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಧರೆ ಮತ್ತೆ ಬಿದ್ದು ರಸ್ತೆ ಮುಚ್ಚಿದ್ದರಿಂದ ನಾವಿಬ್ಬರೂ ಅಮ್ಮನ ಬಂಗಲೆಯಲ್ಲೇ ಉಳಿದೆವು. ಗೋಡೌನಿನಲ್ಲಿ ಹೊಗೆ, ಒದ್ದೆ ಬಟ್ಟೆ, ಮಕ್ಕಳ ಕೆಮ್ಮು. ಹೆಂಗಸರು ಹಗಲು ಹೊತ್ತು ಲೈನಿಗೆ ಹೋಗಿ ಅಡಿಗೆ ಮಾಡಿಕೊಂಡು ಬರುತ್ತೇವೆ ಎಂದು ಜಗಳ ತೆಗೆದರು. ಅಮ್ಮ ಬಿಡಲಿಲ್ಲ. ಆದರೆ ಅವರೂ ಊಟದ ಹೊತ್ತಿಗೆ ನನ್ನ ಮುಖವನ್ನು ಒಂದು ಥರ ನೋಡುತ್ತಿದ್ದರು. ಆ ನೋಟಕ್ಕೆ ನಾನು ತಲೆ ತಗ್ಗಿಸಿ ಊಟ ಮಾಡುತ್ತಿದ್ದೆ. ಬೀಳಲಿ ಎಂದು ಬಯಸುವುದು ಹೇಗೆ? ಬೀಳದಿರಲಿ ಎಂದು ಬಯಸಿದರೆ ಈ ಜನರ ಮುಂದೆ ನಿಲ್ಲುವುದು ಹೇಗೆ?

ಪೆಟ್ಟಿಗೆ ಖಾಲಿಯಾಗಿದ್ದರಿಂದ ಈಗ ಕಾಲುದಾರಿಯಲ್ಲಿ ನಿಂತರೂ ಹೊಸ ಅಳತೆ ಸಿಗುತ್ತಿತ್ತು. ಒಂದು ಬೆಳಗ್ಗೆ ಮಳೆ ಸ್ವಲ್ಪ ತೆರವು ಕೊಟ್ಟಿತ್ತು. ನಾನೂ ಎಂಜಿನಿಯರೂ ಹೋಗಿ ನಿಂತೆವು. ಫೋನು ಜೋಡಿಸಿಕೊಂಡಿತು. ಒಂದು ಸಾವಿರದ ಹತ್ತಿರದ ಒಂದೆರಡು ಅಳತೆ ಬಂದವು. ಆಮೇಲೆ ಬಂದದ್ದು ಪೆಟ್ಟಿಗೆ ತೋರಿಸಬಲ್ಲ ಅತಿ ದೊಡ್ಡ ಅಂಕಿ. ಅದರ ನಂತರದ್ದೂ ಅದೇ.

"ಸರ್, ಮತ್ತೆ ಒಂದೇ ಅಂಕಿ ಬರ್ತಿದೆ. ಮತ್ತೆ ಸಿಕ್ಕಿಕೊಂಡ್ತಾ?" ಎಂದೆ.

ಅವರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. "ಇಲ್ಲ. ತಂತಿ ಕಡಿದಿದೆ" ಎಂದರು.

ಹೊರಡಬೇಕು ಎಂದು ತಿರುಗಿದಾಗ ಕಂಡಿತು. ಲೈನಿನ ಕೊನೆಯ ಮನೆಯ ಹೆಂಚಿನಿಂದ ಹೊಗೆ ಏಳುತ್ತಿತ್ತು.

ಎಂಜಿನಿಯರ್ ನನಗೆ ರಸ್ತೆಗೆ ಹೋಗಿ ಎಂದು ಕೂಗಿ ಆ ಕಡೆ ಓಡಿದರು. ನಾನು ರಸ್ತೆಗೆ ಹೋಗಲಿಲ್ಲ, ಅವರ ಹಿಂದೆ ಹೋದೆ. ಮೇಸ್ತ್ರಿಗಳು ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಮೈಮೇಲೆ ಒಂದು ಪಂಚೆ. ಗೋಡೌನಿನಲ್ಲಿ ಮೈ ತೊಳೆಯದೆ ಇದ್ದು ಸಾಕಾಗಿ ಬೆಳಗ್ಗೆಯೇ ಕಣ್ಣು ತಪ್ಪಿಸಿ ಬಂದಿದ್ದರಂತೆ.

"ಏಳಿ, ಏಳಿ, ಗುಡ್ಡ ಬರ್ತಾ ಉಂಟು!"

"ಬರ್ಲಿ. ನಂದು ಸ್ನಾನ ಆಗ್ಲಿ ಮೊದ್ಲು."

"ತಂತಿ ಕಡೀತು ಮಾರಾಯ್ರೆ!"

"ನಿಮ್ಮ ತಂತಿ ಕಡಿದ್ರೆ ನಾನೆಂತಕ್ಕೆ ಏಳದು?"

ಎಂಜಿನಿಯರ್ ಅವರ ರಟ್ಟೆ ಹಿಡಿದು ಎಬ್ಬಿಸಿದರು. ಇನ್ನೊಂದು ರಟ್ಟೆ ನಾನು ಹಿಡಿದೆ. ಮುದುಕರ ಮೈ ಅಷ್ಟು ಹಗುರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೈಯುತ್ತಲೇ ಬಂದರು. ನಮ್ಮ ಅಪ್ಪ ಅಮ್ಮನನ್ನು ಸೇರಿಸಿ ಬೈದರು. ಅಂಗಳ ದಾಟಿ, ಕಾಲುದಾರಿ ದಾಟಿ, ಜೀಪು ರಸ್ತೆಗೆ ಏರಿ, ತಿರುವಿನಾಚೆ ಮೋರಿಯ ಹತ್ತಿರ ಬಂದ ಮೇಲೂ ಎಂಜಿನಿಯರ್ ನಿಲ್ಲಲು ಬಿಡಲಿಲ್ಲ. ಆಗ ಹಿಂದಿನಿಂದ ಮರ ಮುರಿಯುವ ಸದ್ದು ಕೇಳಿತು. ಒಂದು, ಆಮೇಲೆ ಇನ್ನೊಂದು, ಆಮೇಲೆ ಎಣಿಸಲಾಗದಷ್ಟು. ತಿರುಗಿ ನೋಡಿದೆ. ಸಿಲ್ವರ್ ಮರಗಳು ನಿಂತ ಹಾಗೆಯೇ, ಬೀಳದೆ, ಒಟ್ಟಿಗೆ ಕೆಳಗೆ ಬರುತ್ತಿದ್ದವು. ಅವುಗಳ ಕಾಲಡಿಯ ನೆಲ ಹರಿಯುತ್ತಿತ್ತು. ಲೈನಿನ ಹೆಂಚಿನ ಸಾಲು ಒಂದು ಕ್ಷಣ ಮೇಲೆ ಎದ್ದ ಹಾಗೆ ಕಂಡಿತು. ಆಮೇಲೆ ಅಲ್ಲಿ ಕೆಂಪು ಮಣ್ಣು ಮಾತ್ರ ಇತ್ತು. ಹಸಿ ಮಣ್ಣಿನ, ಒಡೆದ ಬೇರಿನ ವಾಸನೆ ರಸ್ತೆಯ ತನಕ ಬಂತು. ಮೇಸ್ತ್ರಿಗಳ ಬೈಗುಳ ನಿಂತಿತು. ಅವರು ರಸ್ತೆಯ ಮೇಲೆಯೇ ಕೂತುಬಿಟ್ಟರು.

ಒಂದು ಜೀವವೂ ಹೋಗಲಿಲ್ಲ. ಗೋಡೌನಿನಲ್ಲಿ ಆ ಮಧ್ಯಾಹ್ನ ಅಮ್ಮ ಎಲ್ಲರಿಗೂ ಗಂಜಿ ಮಾಡಿಸಿ ತಾವೇ ಬಡಿಸಿದರು. ನನ್ನ ತಟ್ಟೆಯ ಮುಂದೆ ಬಂದಾಗ ಗಂಜಿ ತಟ್ಟೆಯಾಚೆ ನೆಲಕ್ಕೆ ಚೆಲ್ಲಿತು. "ಹೋಗಲಿ ಬಿಡು" ಎಂದು ಅವರೇ ಹೇಳಿಕೊಂಡರು.

ಮಳೆಗಾಲ ಮುಗಿದ ಮೇಲೆ ಕಾಫಿ ಒಣಗಿಸುವ ಕಣದ ಪಕ್ಕದ ಸಮತಟ್ಟಿನಲ್ಲಿ ಹೊಸ ಲೈನು ಎದ್ದಿತು. ಒಂದು ಸಲ ನೋಡಲು ಹೋಗಿದ್ದೆ. ಹೆಂಗಸರು ನೀರು ಕೊಟ್ಟರು, ಕೂರಲು ಮಣೆ ಕೊಟ್ಟರು, ಆದರೆ ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಒಬ್ಬಾಕೆ ಮಗುವನ್ನು ನನ್ನ ಹತ್ತಿರದಿಂದ ಎತ್ತಿಕೊಂಡು ಒಳಗೆ ಹೋದಳು. ರೈಟರ್ರು ಹೇಳಲೋ ಬೇಡವೋ ಎಂದುಕೊಂಡು ಕೊನೆಗೆ ಹೇಳಿದರು.

"ಬೇಜಾರು ಮಾಡ್ಕಬೇಡಿ ಮೇಡಂ. ಆ ಪೆಟ್ಟಿಗೆ ಇಟ್ಟ ಮೇಲೇ ಗುಡ್ಡ ಜಾರಿದ್ದು ಅಂತಾರೆ ಇವ್ರು. ಕಣ್ಣಿಗೆ ಕಾಣದ ಕರೆಂಟು ಅದರೊಳಗಿಂದ ಬರ್ತಿತ್ತಲ್ಲ, ಅದು ಗುಡ್ಡನ ಸಡಿಲ ಮಾಡ್ತಂತೆ."

"ಮೇಸ್ತ್ರಿಗಳೂ ಹಾಗೇ ಅಂತಾರಾ?"

"ಅವ್ರೇ ಅನ್ನದು."

ಹೊಸ ಲೈನಿನ ಕೊನೆಯ ಮನೆಯ ಮುಂದೆ ಮೇಸ್ತ್ರಿಗಳು ಕತ್ತಿ ಮಸೆಯುತ್ತಾ ಕೂತಿದ್ದರು. ನಾನು ನಮಸ್ಕಾರ ಎಂದೆ. ಕತ್ತಿಯನ್ನು ತಿರುಗಿಸಿ ಇನ್ನೊಂದು ಮಗ್ಗುಲು ಮಸೆಯತೊಡಗಿದರು. ಬಸ್ಸಿಗೆ ನಡೆಯುವಾಗ ನನಗೆ ಸಿಟ್ಟು ಬಂತು, ಆಮೇಲೆ ಅದು ಇಳಿಯಿತು. ಬೇಸಿಗೆಯಲ್ಲಿ ಬಂದು ಗುಡ್ಡದ ಮೇಲೆ ಒಂದು ಪೆಟ್ಟಿಗೆ ಹೂತವರು ನಾವು. ಮಳೆಗಾಲದಲ್ಲಿ ಅವರ ಮನೆ ಹೋಯಿತು. ಈ ಎರಡರ ನಡುವೆ ಅವರ ಕಣ್ಣಿಗೆ ಕಂಡದ್ದು ಮತ್ತೇನಿತ್ತು?

ಮರುವರ್ಷ ದೇವರಮನೆ ಗುಡ್ಡದ ತಪ್ಪಲಿನ ಸಣ್ಣ ಹಿಡುವಳಿದಾರರೊಬ್ಬರು ಹುಡುಕಿಕೊಂಡು ಬಂದರು. ಅವರ ಮನೆಯ ಹಿಂದಿನ ಧರೆಯಲ್ಲಿ ಗೆರೆ ಕಂಡಿತ್ತು. ಎಂಜಿನಿಯರ್ ಅಷ್ಟರಲ್ಲಿ ಟೌನ್‌ಶಿಪ್ಪಿನ ಮನೆ ಬಿಟ್ಟು ಕಳಸದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಹೊಸ ಪೆಟ್ಟಿಗೆ ಮಾಡಿದರು. ಈ ಸಲ ಅದು ಹೊಸ ಅಳತೆಯನ್ನು ಮೊದಲು ಕಳಿಸುತ್ತಿತ್ತು, ಪ್ರತಿಯೊಂದಕ್ಕೂ ದಿನ, ಹೊತ್ತು ಅಂಟಿರುತ್ತಿತ್ತು, ಹಳೆಯದು ಬಂದರೆ ಫೋನು ಕೆಂಪಗೆ ತೋರಿಸುತ್ತಿತ್ತು. ಮಳೆ ಹಿಡಿದು ಸ್ವಲ್ಪ ದಿನಕ್ಕೆ ಅಂಕಿ ಏರಿತು. ನಾವಿಬ್ಬರೂ ಹೋದೆವು. ಅವರ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತು ನಾನು ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದಿದೆ. ತುಂಡು ಜೋಡಿಸುವುದು ಸರಿ ಇತ್ತು. ಹೊತ್ತು ಸರಿ ಇತ್ತು. ಉತ್ತರ ಕಳಿಸುವುದು ಸರಿ ಇತ್ತು. ಮತ್ತೆ ಮೊದಲಿನಿಂದ ಓದಿದೆ. ಒಳಗೆ ಮನೆಯವರು ಒಗ್ಗರಣೆ ಹಾಕುತ್ತಿದ್ದರು. ಜಗಲಿಯ ತುದಿಯಲ್ಲಿ ಎಂಜಿನಿಯರ್ ಮಳೆ ನೋಡುತ್ತಾ ನಿಂತಿದ್ದರು.

"ತಪ್ಪು ಎಂತಾದ್ರೂ ಸಿಕ್ತಾ?" ಎಂದು ತಿರುಗದೆಯೇ ಕೇಳಿದರು.

"ಇಲ್ಲ ಸರ್."

"ಇನ್ನೊಂದು ಸಲ ನೋಡಿ."

ಇನ್ನೊಂದು ಸಲ ನೋಡಿದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಮನೆಯವರನ್ನು ಹೊರಗೆ ಕರೆಯಲು ಎದ್ದೆ.